ಶರಣಾಗತರೂ ಸ್ನೇಹಿತರ ಸಂಘವೂ

ಶರಣಾಗತನು ಬಾಗಿಲಿಗೆ ಬಂದಾಗ ಗೃಹಸ್ಥನ ಮನಸ್ಸಿನಲ್ಲಿಯೂ ರಾಜ್ಯದ ಮನಸ್ಸಿನಲ್ಲಿಯೂ ಏಳುವ ಪ್ರಶ್ನೆಗಳು ಬೇರೆಬೇರೆ. ಗೃಹಸ್ಥನು ಬಂದವನ ಹಸಿವನ್ನು ನೋಡುತ್ತಾನೆ; ರಾಜ್ಯವು ಅವನ ಕುಲವನ್ನೂ, ಊರನ್ನೂ, ಅವನು ಬಂದ ದಿಕ್ಕನ್ನೂ ನೋಡುತ್ತದೆ. ಯುದ್ಧಕಾಂಡದಲ್ಲಿ ವಿಭೀಷಣನು ಸಮುದ್ರವನ್ನು ದಾಟಿಬಂದು ಆಶ್ರಯವನ್ನು ಬೇಡಿದಾಗ ಸುಗ್ರೀವನು ಆಡಿದುದು ರಾಜ್ಯದ ಮಾತು. ಬಂದವನು ಶತ್ರುವಿನ ತಮ್ಮ, ಗೂಢಚಾರನಾಗಿರಬಹುದು, ಸಮಯ ನೋಡಿ ಕೇಡನ್ನೆಸಗಬಹುದು ಎಂಬುದು ಅವನ ಶಂಕೆ. ಆ ಶಂಕೆಯನ್ನು ಕೇಳಿಯೂ ಶ್ರೀರಾಮನು ಅಭಯವನ್ನಿತ್ತನು. ಸುಗ್ರೀವನ ಮಾತು ಮೂರ್ಖನ ಮಾತಲ್ಲ. ಆದುದರಿಂದಲೇ ಶ್ರೀರಾಮನ ಉತ್ತರಕ್ಕೆ ಬೆಲೆಯುಂಟು. ಇದೇ ವಿವಾದವು ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಲಕ್ಷಾಂತರ ಜನರ ಪ್ರಾಣದ ಪ್ರಶ್ನೆಯಾಗಿ ಮತ್ತೊಮ್ಮೆ ಎದ್ದಿತು. ಆಗ ಅಭಯದ ಪಕ್ಷವನ್ನು ಹಿಡಿದವರಲ್ಲಿ ಕ್ವೇಕರರೆಂಬ ಹೆಸರಿನಿಂದ ಪ್ರಸಿದ್ಧವಾದ ಒಂದು ಸಣ್ಣ ಕ್ರೈಸ್ತ ಪಂಗಡದವರ ಚರಿತ್ರೆಯು ವಿಚಾರಾರ್ಹವಾಗಿದೆ.

ಈ ಪಂಗಡದ ನಿಜವಾದ ಹೆಸರು ‘ಸ್ನೇಹಿತರ ಸಂಘ’. ಹದಿನೇಳನೆಯ ಶತಮಾನದ ನಡುವೆ ಇಂಗ್ಲೆಂಡು ಅಂತರ್ಯುದ್ಧದಿಂದ ಕಲಕಿಹೋಗಿದ್ದಾಗ, ಜಾರ್ಜ್ ಫಾಕ್ಸ್ ಎಂಬ ನೇಕಾರನ ಮಗನು ಇದನ್ನು ಸ್ಥಾಪಿಸಿದನು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕು ಇದೆ, ಅದನ್ನು ಕಾಣುವುದಕ್ಕೆ ಪುರೋಹಿತನೂ ಬೇಡ, ಗುಡಿಯೂ ಬೇಡ ಎಂಬುದು ಅವನ ಉಪದೇಶದ ಸಾರ. ಈ ಸಂಘದವರು ಒಂದೆಡೆ ಸೇರಿ ಮೌನವಾಗಿ ಕುಳಿತು ಉಪಾಸನೆ ಮಾಡುವರು. ಯಾರಿಗಾದರೂ ಒಳಗಿನಿಂದ ಪ್ರೇರಣೆಯುಂಟಾದರೆ ಎದ್ದು ನಾಲ್ಕು ಮಾತುಗಳನ್ನಾಡುವರು. ನ್ಯಾಯಸ್ಥಾನದಲ್ಲಿ ಪ್ರಮಾಣವಚನವನ್ನು ಹೇಳಲು ಅವರು ಒಪ್ಪಲಿಲ್ಲ. ಅಧಿಕಾರಿಗಳ ಮುಂದೆ ಟೊಪ್ಪಿಗೆಯನ್ನು ತೆಗೆಯಲಿಲ್ಲ. ದೊಡ್ಡವರನ್ನು ಬಹುವಚನದಿಂದ ಕರೆಯುವುದು ಆ ಕಾಲದ ಇಂಗ್ಲಿಷಿನ ಮರ್ಯಾದೆ. ಇವರಾದರೋ ಪ್ರಭುವನ್ನೂ ಸೇವಕನನ್ನೂ ಏಕವಚನದಿಂದಲೇ ಮಾತನಾಡಿಸಿದರು. ನ್ಯಾಯಾಧೀಶನೊಬ್ಬನು ಹಾಸ್ಯಕ್ಕಾಗಿ ‘ನಡುಗುವವರು’ ಎಂದು ಕರೆದ ಹೆಸರೇ ‘ಕ್ವೇಕರರು’ ಎಂದು ಲೋಕದಲ್ಲಿ ನಿಂತಿತು. ಯಾವ ಕಾರಣಕ್ಕೂ ಆಯುಧವನ್ನು ಹಿಡಿಯುವುದಿಲ್ಲವೆಂದು 1661ರಲ್ಲಿ ಅವರು ಎರಡನೆಯ ಚಾರ್ಲ್ಸ್ ದೊರೆಗೆ ಬರೆದು ಒಪ್ಪಿಸಿದರು.

ಇಂತಹವರನ್ನು ರಾಜ್ಯವು ಸುಮ್ಮನೆ ಬಿಡಲಿಲ್ಲ. ಸಾವಿರಾರು ಮಂದಿ ಸೆರೆಮನೆಗೆ ಹೋದರು. ನೂರಾರು ಮಂದಿ ಅಲ್ಲಿಯೇ ಸತ್ತರು. ಸೆರೆಯಲ್ಲಿರುವವರ ಕಷ್ಟಗಳನ್ನು ಬರೆದಿಡುವುದಕ್ಕೂ, ಅವರ ಕುಟುಂಬಗಳಿಗೆ ನೆರವಾಗುವುದಕ್ಕೂ, ಅಧಿಕಾರಿಗಳಿಗೆ ಮನವಿ ಮಾಡುವುದಕ್ಕೂ 1670ರ ದಶಕದಲ್ಲಿ ಅವರು ಲಂಡನ್ನಿನಲ್ಲಿ ಒಂದು ಸಭೆಯನ್ನು ಏರ್ಪಡಿಸಿದರು. ಅದರ ಹೆಸರು ‘ಸಂಕಟಗಳ ಸಭೆ’. ಹಿಂಸೆಯು ನಿಂತು ಶತಮಾನಗಳು ಕಳೆದರೂ ಆ ಸಭೆಯೂ ಅದರ ಹೆಸರೂ ನಿಂತುವು. ತಮ್ಮ ಸಂಕಟಗಳನ್ನು ಬರೆಯುವುದಕ್ಕಾಗಿ ತೆರೆದ ಪುಸ್ತಕದಲ್ಲಿ ಇತರರ ಸಂಕಟಗಳನ್ನು ಬರೆಯುವುದಕ್ಕೆ ಅವರು ಕ್ರಮೇಣ ಕಲಿತರು. ಈ ಸಂಘದ ಮುಂದಿನ ಚರಿತ್ರೆಗೆಲ್ಲ ಇದೇ ಬೀಜವೆನ್ನಬಹುದು.

1846–47ರಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು ಘೋರವಾದ ಕ್ಷಾಮವುಂಟಾದಾಗ ಕ್ವೇಕರರು ಗಂಜಿಯ ಕೇಂದ್ರಗಳನ್ನು ತೆರೆದರು. 1870–71ರ ಫ್ರಾನ್ಸ್–ಪ್ರಷ್ಯ ಯುದ್ಧದಲ್ಲಿ ಹಳ್ಳಿಗಳನ್ನು ಕಳೆದುಕೊಂಡ ರೈತರಿಗೆ ಬೀಜವನ್ನೂ ಬಟ್ಟೆಯನ್ನೂ ಒದಗಿಸಿದರು. ಆಗ ತಮ್ಮ ಜನರನ್ನು ಗುರುತಿಸುವುದಕ್ಕಾಗಿ ಕೆಂಪು ಕಪ್ಪು ಬಣ್ಣಗಳ ಎಂಟು ಮೂಲೆಯ ನಕ್ಷತ್ರವೊಂದನ್ನು ಚಿಹ್ನೆಯಾಗಿಟ್ಟುಕೊಂಡರು. ಆದರೆ ಕ್ಷಾಮದಲ್ಲಿ ಅನ್ನವಿಡುವುದನ್ನು ಎಲ್ಲರೂ ಮೆಚ್ಚುವರು. ಲೋಕವು ಮೆಚ್ಚದ ಕೆಲಸವು 1914ರಲ್ಲಿ ಬಂದಿತು.

ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಮಹಾಯುದ್ಧವು ಆರಂಭವಾಗುತ್ತಲೇ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ನೆಲೆಸಿದ್ದ ಜರ್ಮನರೂ ಆಸ್ಟ್ರಿಯನರೂ ಒಂದೇ ದಿನದಲ್ಲಿ ಶತ್ರುಗಳಾದರು. ರೊಟ್ಟಿಯ ಅಂಗಡಿಯವನು, ಕ್ಷೌರಿಕನು, ಹೋಟೆಲಿನ ಪರಿಚಾರಕನು, ಎಲ್ಲರೂ ಕೆಲಸವನ್ನು ಕಳೆದುಕೊಂಡರು. ಗಂಡಸರು ಸೆರೆಶಿಬಿರಗಳಿಗೆ ಹೋದರು. ಅವರ ಇಂಗ್ಲಿಷ್ ಹೆಂಡಂದಿರೂ ಮಕ್ಕಳೂ ಗತಿಯಿಲ್ಲದವರಾದರು. ಸ್ಟೀಫನ್ ಹಾಬ್‌ಹೌಸ್ ಎಂಬ ಕ್ವೇಕರನ ಪ್ರೇರಣೆಯಿಂದ ಅದೇ ತಿಂಗಳಿನಲ್ಲಿ ಇವರ ನೆರವಿಗಾಗಿ ಒಂದು ಸಮಿತಿಯು ಹುಟ್ಟಿತು. ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಸಾವಿರಾರು ಮಂದಿ ಕೆಲಸವಿಲ್ಲದೆ ಬುದ್ಧಿಗೆಡುತ್ತಿದ್ದಾಗ, ಸಮಿತಿಯವರು ಉಪಕರಣಗಳನ್ನು ತಂದುಕೊಟ್ಟು ಮರಗೆಲಸ, ಬುಟ್ಟಿ ಹೆಣೆಯುವುದು ಮೊದಲಾದ ಕೈಕೆಲಸಗಳನ್ನು ಹೂಡಿಸಿದರು. ಸ್ವದೇಶದ ಪತ್ರಿಕೆಗಳು ಇದನ್ನು ದ್ರೋಹವೆಂದು ಬೈದುವು. ಸುಗ್ರೀವನ ಶಂಕೆಯು ಇಲ್ಲಿ ಪತ್ರಿಕೆಗಳ ದೊಡ್ಡ ಅಕ್ಷರಗಳಲ್ಲಿ ಅಚ್ಚಾಯಿತೆನ್ನಬೇಕು.

ಅಮೆರಿಕವು ಯುದ್ಧಕ್ಕಿಳಿದ 1917ರ ಏಪ್ರಿಲ್ ತಿಂಗಳಿನಲ್ಲಿಯೇ ಫಿಲಡೆಲ್ಫಿಯ ನಗರದಲ್ಲಿ ಅಮೆರಿಕದ ಸ್ನೇಹಿತರ ಸೇವಾ ಸಮಿತಿಯು ಸ್ಥಾಪಿತವಾಯಿತು. ತತ್ತ್ವಶಾಸ್ತ್ರದ ಅಧ್ಯಾಪಕರಾದ ರೂಫಸ್ ಜೋನ್ಸ್ ಅದರ ಪ್ರಥಮ ಅಧ್ಯಕ್ಷರು. ಯುದ್ಧವು ಮುಗಿದ ಮೇಲೆ ಸೋತ ಜರ್ಮನಿಯಲ್ಲಿ ಮಕ್ಕಳು ಅನ್ನವಿಲ್ಲದೆ ಬಡಕಲಾಗಿದ್ದರು. ಹರ್ಬರ್ಟ್ ಹೂವರರ ಪರಿಹಾರ ಸಂಸ್ಥೆಯು ಧನಧಾನ್ಯಗಳನ್ನು ಒದಗಿಸಿತು. ಹಂಚುವ ಹೊಣೆಯು 1920ರಲ್ಲಿ ಕ್ವೇಕರರ ಮೇಲೆ ಬಿದ್ದಿತು. ಈ ಕಾರ್ಯವು ಅತ್ಯುನ್ನತ ಸ್ಥಿತಿಯಲ್ಲಿದ್ದಾಗ ದಿನವೊಂದಕ್ಕೆ ಹತ್ತು ಲಕ್ಷ ಮಕ್ಕಳು ಶಾಲೆಗಳಲ್ಲಿ ಊಟ ಮಾಡುತ್ತಿದ್ದರು. ‘ಕ್ವೇಕರರ ಊಟ’ವೆಂಬ ಮಾತು ಜರ್ಮನ್ ಭಾಷೆಯಲ್ಲಿ ಬಳಕೆಯ ಮಾತಾಯಿತು. ಗೆದ್ದವರು ಸೋತವರ ಮಕ್ಕಳಿಗೆ ಬಡಿಸಿದ ಈ ಊಟದ ನೆನಪು ಮುಂದೆ ಎಂತಹ ಸ್ಥಳದಲ್ಲಿ ಕೆಲಸಕ್ಕೆ ಬಂದಿತೆಂಬುದನ್ನು ಯಾರೂ ಅಂದು ಊಹಿಸುವಂತಿರಲಿಲ್ಲ.

1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಪ್ರಧಾನನಾದನು. ಏಪ್ರಿಲ್ 1ರಂದು ಯೆಹೂದ್ಯರ ಅಂಗಡಿಗಳಿಗೆ ಬಹಿಷ್ಕಾರ. 7ರಂದು ಅವರನ್ನು ಸರಕಾರದ ಹುದ್ದೆಗಳಿಂದ ತೆಗೆಯುವ ಕಾನೂನು. ಅದೇ ತಿಂಗಳಿನಲ್ಲಿ ಲಂಡನ್ನಿನ ಕ್ವೇಕರರು ಜರ್ಮನಿಯ ಸಂಕಟಗ್ರಸ್ತರಿಗಾಗಿ ಒಂದು ತುರ್ತು ಸಮಿತಿಯನ್ನು ನಿಯಮಿಸಿದರು. ಇದರ ಕಾರ್ಯದರ್ಶಿನಿ ಬರ್ಥಾ ಬ್ರೇಸಿ. 1893ರಲ್ಲಿ ಹುಟ್ಟಿದ ಈಕೆ ಉಪಾಧ್ಯಾಯಿನಿಯಾಗಿದ್ದು, 1920ರ ದಶಕದಲ್ಲಿ ವಿಯೆನ್ನ, ನ್ಯೂರೆಂಬರ್ಗ್, ಬರ್ಲಿನ್ ನಗರಗಳಲ್ಲಿ ತರುಣರ ನಡುವೆ ಕೆಲಸ ಮಾಡಿ ಜರ್ಮನ್ ಭಾಷೆಯನ್ನೂ ಜನರನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಬರ್ಲಿನ್ನಿನಲ್ಲಿದ್ದ ಸಂಘದ ಪ್ರತಿನಿಧಿ ಕಾರ್ಡರ್ ಕ್ಯಾಚ್‌ಪೂಲರು ಹಿಂದಿನ ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದೆ ಸ್ವದೇಶದ ಸೆರೆಯನ್ನು ಅನುಭವಿಸಿದವರು. 1933ರ ಏಪ್ರಿಲ್‌ನಲ್ಲಿ ಜರ್ಮನಿಯ ಪೋಲೀಸರೂ ಅವರನ್ನು ಹಿಡಿದು ವಿಚಾರಿಸಿ ಬಿಟ್ಟರು. ಎರಡು ದೇಶಗಳ ಸೆರೆಯನ್ನು ಒಂದೇ ನಂಬಿಕೆಗಾಗಿ ಕಂಡವರು ಅವರು.

ಈ ಸಮಿತಿಯ ಕಾರ್ಯದ ಸ್ವರೂಪವನ್ನು ತಿಳಿಯಬೇಕಾದರೆ ಆ ಕಾಲದ ಒಂದು ವಿಚಿತ್ರ ದುರವಸ್ಥೆಯನ್ನು ತಿಳಿಯಬೇಕು. ಯೆಹೂದ್ಯ ಮತದವರಿಗೆ ನೆರವಾಗಲು ಯೆಹೂದ್ಯರ ಸಂಸ್ಥೆಗಳಿದ್ದುವು. ಹೊರೆಯ ಬಹುಭಾಗವನ್ನು ಹೊತ್ತವೂ ಅವೇ. ಆದರೆ ನಾಜಿಗಳ ಕಾನೂನು ಮತವನ್ನು ನೋಡದೆ ರಕ್ತವನ್ನು ನೋಡುತ್ತಿತ್ತು. ಅಜ್ಜಅಜ್ಜಿಯರ ಕಾಲದಲ್ಲಿಯೇ ಕ್ರೈಸ್ತರಾದ ಕುಟುಂಬಗಳು, ಮಿಶ್ರವಿವಾಹದ ಮಕ್ಕಳು, ಯಾವ ಮತಕ್ಕೂ ಸೇರದವರು, ಇವರೆಲ್ಲರೂ 1935ರ ನ್ಯೂರೆಂಬರ್ಗ್ ಶಾಸನಗಳ ಬಲೆಯಲ್ಲಿ ಸಿಕ್ಕಿದರು. ಯೆಹೂದ್ಯ ಸಭೆಯು ಇವರನ್ನು ತನ್ನವರೆನ್ನುವಂತಿರಲಿಲ್ಲ. ಅನೇಕ ಕ್ರೈಸ್ತ ಸಭೆಗಳೂ ಎನ್ನಲಿಲ್ಲ. ಹೀಗೆ ಎರಡು ಮನೆಗಳ ನಡುವಣ ಓಣಿಯಲ್ಲಿ ನಿಂತವರನ್ನು ಬರ್ಲಿನ್, ವಿಯೆನ್ನ ನಗರಗಳ ಕ್ವೇಕರ್ ಕಚೇರಿಗಳು ಒಳಕ್ಕೆ ಕರೆದುವು. ನೀನು ಯಾವ ಮತದವನೆಂದು ಕೇಳದ ಬಾಗಿಲು ಬೇಕಾದವರಿಗೆ ಆ ಬಾಗಿಲೇ ಗತಿಯಾಯಿತು. ಜರ್ಮನಿಯಲ್ಲಿ ಈ ಸಂಘದ ಸದಸ್ಯರು ಕೆಲವು ನೂರು ಮಂದಿ ಮಾತ್ರ. ಬ್ರಿಟನ್ನಿನಲ್ಲಿಯೂ ಸುಮಾರು 20,000 ಮಂದಿ. ಅಷ್ಟು ಸಣ್ಣ ಪಂಗಡವು ಇಷ್ಟನ್ನು ಮಾಡಿತೆಂಬುದು ಗಮನಾರ್ಹ.

ಕೆಲಸವು ಬಹುಮಟ್ಟಿಗೆ ಕಾಗದಪತ್ರಗಳ ಕೆಲಸವಾಗಿದ್ದಿತು. ನಿರಾಶ್ರಿತನಿಗೆ ಅನ್ನಕ್ಕಿಂತ ಮೊದಲು ಬೇಕಾದುದು ಒಂದು ಮೊಹರು. ಹೊರಡಲು ಜರ್ಮನಿಯ ಅನುಮತಿ, ಪ್ರವೇಶಿಸಲು ಮತ್ತೊಂದು ದೇಶದ ಅನುಮತಿ, ಸಾರ್ವಜನಿಕ ಹಣಕ್ಕೆ ಹೊರೆಯಾಗುವುದಿಲ್ಲವೆಂದು ಯಾರಾದರೂ ಕೊಡುವ ಹೊಣೆ. ಇವುಗಳಲ್ಲಿ ಒಂದು ದೊರೆಯುವಷ್ಟರಲ್ಲಿ ಮತ್ತೊಂದರ ಅವಧಿಯು ತೀರುವುದು. ಕಚೇರಿಯವರು ಪ್ರತಿಯೊಬ್ಬರ ವಿಷಯಕ್ಕೂ ಒಂದೊಂದು ಕಡತವನ್ನಿಟ್ಟು, ಇಂಗ್ಲೆಂಡಿನ ಗೃಹಸ್ಥರಿಗೆ ಪತ್ರ ಬರೆದು, ಹೊಣೆಗಾರರನ್ನು ಹುಡುಕಿದರು. ವೈದ್ಯರೂ ವಿದ್ಯಾವಂತರೂ ಆದ ಸ್ತ್ರೀಯರು ಮನೆಗೆಲಸದವರೆಂಬ ಅನುಮತಿಯಿಂದ ಬರಬೇಕಾಯಿತು. ಸುಮಾರು 20,000 ಸ್ತ್ರೀಯರು ಈ ದಾರಿಯಿಂದ ಬ್ರಿಟನ್ನನ್ನು ಸೇರಿದರು. ಲೋಕದ ಸರಕಾರಗಳಾದರೋ 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ ಸಮ್ಮೇಳನವನ್ನು ನಡೆಸಿದುವು. 32 ದೇಶಗಳ ಪ್ರತಿನಿಧಿಗಳು ಸಹಾನುಭೂತಿಯನ್ನು ಸೂಚಿಸಿದರು. ಬಾಗಿಲನ್ನು ಅಗಲವಾಗಿ ತೆರೆದವರು ಇಲ್ಲವೆನ್ನುವಷ್ಟು ಕಡಮೆ.

ಅದೇ ವರ್ಷದ ನವೆಂಬರ್ 9ರ ರಾತ್ರಿ ಜರ್ಮನಿ, ಆಸ್ಟ್ರಿಯಗಳಾದ್ಯಂತ ಯೆಹೂದ್ಯರ ದೇವಾಲಯಗಳು ಉರಿದುವು. ಅಂಗಡಿಗಳ ಗಾಜು ಬೀದಿಯಲ್ಲಿ ಚೂರಾಗಿ ಬಿದ್ದಿತು. ಸುಮಾರು 30,000 ಗಂಡಸರನ್ನು ಹಿಡಿದು ಸೆರೆಶಿಬಿರಗಳಿಗೆ ಅಟ್ಟಿದರು. ಬ್ರಿಟನ್ನಿನ ಯೆಹೂದ್ಯರು ಸ್ಥಿತಿಯನ್ನು ಕಣ್ಣಾರೆ ನೋಡಲು ಹೋಗುವಂತಿರಲಿಲ್ಲ. ಅವರ ಕೋರಿಕೆಯಂತೆ ಕ್ವೇಕರರ ಒಂದು ಸಣ್ಣ ತಂಡವು ಬರ್ಲಿನ್ನಿಗೆ ಹೋಗಿ, ವಿಲ್ಫ್ರಿಡ್ ಇಸ್ರೇಲರೇ ಮೊದಲಾದ ಅಲ್ಲಿನ ಯೆಹೂದ್ಯ ಪ್ರಮುಖರಿಂದ ವಿಷಯವನ್ನು ಸಂಗ್ರಹಿಸಿ ಬಂದಿತು. ನವೆಂಬರ್ 21ರಂದು ಬರ್ಥಾ ಬ್ರೇಸಿಯವರೂ ಯೆಹೂದ್ಯ ಮುಖಂಡರೂ ಗೃಹಮಂತ್ರಿ ಸರ್ ಸ್ಯಾಮ್ಯುಯೆಲ್ ಹೋರರನ್ನು ಕಂಡರು. ತಂದೆತಾಯಿಗಳು ಮಕ್ಕಳನ್ನು ತಮ್ಮಿಂದ ಬೇರೆಯಾಗಿ ಪರದೇಶಕ್ಕೆ ಕಳುಹಿಸಲು ಒಪ್ಪುವರೇ ಎಂಬುದು ಮುಖ್ಯ ಪ್ರಶ್ನೆಯಾಗಿದ್ದಿತು. ಒಪ್ಪುವರೆಂದು ಬರ್ಲಿನ್ನಿನಿಂದ ಬಂದವರು ಸಾಕ್ಷಿ ನುಡಿದರು. ಅಂದೇ ಪಾರ್ಲಿಮೆಂಟಿನಲ್ಲಿ ಮಂತ್ರಿಗಳು ಮಕ್ಕಳಿಗೆ ಪ್ರವೇಶವನ್ನು ಕೊಡುವುದಾಗಿ ಸಾರಿದರು.

ಡಿಸೆಂಬರ್ 2ರಂದು ಸುಮಾರು 200 ಮಕ್ಕಳ ಪ್ರಥಮ ತಂಡವು ಹಾರ್ವಿಚ್ ಬಂದರಿನಲ್ಲಿಳಿಯಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧವು ಆರಂಭವಾಗುವಷ್ಟರಲ್ಲಿ ಸುಮಾರು 10,000 ಮಕ್ಕಳು ಬಂದಿದ್ದರು. ಯೆಹೂದ್ಯರೂ ಕ್ರೈಸ್ತರೂ ಕೂಡಿ ನಡೆಸಿದ ಈ ಕಾರ್ಯದಲ್ಲಿ ಕ್ವೇಕರರು ರೈಲುಗಳ ಜೊತೆಯಲ್ಲಿ ಹೋಗಿಬಂದರು, ಮನೆಗಳನ್ನು ಹುಡುಕಿದರು, ತಮ್ಮ ಶಾಲೆಗಳಲ್ಲಿ ಸ್ಥಳವನ್ನು ಕೊಟ್ಟರು. ಮಗುವಿಗೆ ಒಂದು ಸಣ್ಣ ಪೆಟ್ಟಿಗೆ, ಕೊರಳಿನಲ್ಲಿ ಒಂದು ಸಂಖ್ಯೆಯ ಚೀಟಿ. ನಿಲ್ದಾಣದಲ್ಲಿ ಕೈಬೀಸಿದ ತಾಯಿತಂದೆಗಳಲ್ಲಿ ಬಹುಮಂದಿಯನ್ನು ಆ ಮಕ್ಕಳು ಮತ್ತೆ ಕಾಣಲಿಲ್ಲ. ಇದು ಉಪಕಾರವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಅರ್ಧ ಉಪಕಾರ. ಮಕ್ಕಳಿಗೆ ತೆರೆದ ಬಾಗಿಲನ್ನು ರಾಜ್ಯವು ತಾಯಿತಂದೆಗಳಿಗೆ ತೆರೆಯಲಿಲ್ಲ. ಕೆಲವು ತಿಂಗಳ ಮೇಲೆ ಪ್ರತಿಯೊಂದು ಮಗುವಿಗೂ 50 ಪೌಂಡುಗಳ ಹೊಣೆಯನ್ನೂ ಕೇಳಿದರು. ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕೆಂಬ ತೀರ್ಮಾನವು ಕಚೇರಿಯ ಮೇಜಿನ ಮುಂದೆ ಕುಳಿತವರ ಪಾಲಿಗೆ ಬಂದಿತು. ಧರ್ಮಕಾರ್ಯಗಳಲ್ಲಿ ಇದಕ್ಕಿಂತ ಭಾರವಾದುದು ವಿರಳ.

ಅದೇ ಡಿಸೆಂಬರಿನಲ್ಲಿ ಅಮೆರಿಕದಿಂದ ಮೂವರು ಕ್ವೇಕರರು ಬರ್ಲಿನ್ನಿಗೆ ಬಂದರು. ಅವರಲ್ಲಿ ಹಿರಿಯರು ರೂಫಸ್ ಜೋನ್ಸ್. ಆಗ ಅವರಿಗೆ 75 ವರ್ಷ. 1926ರಲ್ಲಿ ಅವರು ಭಾರತಕ್ಕೂ ಬಂದು ಗಾಂಧೀಜಿಯವರನ್ನು ಕಂಡಿದ್ದರು. ಗುಪ್ತ ಪೋಲೀಸರ ಮುಖ್ಯ ಕಚೇರಿಗೆ ಹೋಗಿ, ಮಹಾಯುದ್ಧದ ತರುವಾಯ ಜರ್ಮನಿಯ ಮಕ್ಕಳಿಗೆ ತಾವು ಉಣಬಡಿಸಿದುದನ್ನು ನೆನಪಿಗೆ ತಂದು, ಈಗ ಸಂಕಟದಲ್ಲಿರುವವರಿಗೆ ನೆರವಾಗಲು ಅನುಮತಿಯನ್ನು ಬೇಡಿದರು. ಅಧಿಕಾರಿಗಳು ತಮ್ಮ ಮೇಲಿನವರನ್ನು ವಿಚಾರಿಸಲು ಹೊರಕ್ಕೆ ಹೋದರು. ಆ ಹೊತ್ತಿನಲ್ಲಿ ಮೂವರೂ ತಲೆಬಾಗಿಸಿ ತಮ್ಮ ಪದ್ಧತಿಯಂತೆ ಮೌನೋಪಾಸನೆಯಲ್ಲಿ ಕುಳಿತರು. ಅನುಮತಿಯು ಮಾತಿನಲ್ಲಿ ದೊರೆಯಿತು. ಅದರಿಂದ ಬಂದ ಫಲವು ಸ್ವಲ್ಪ. ಕ್ರೂರಿಗಳೊಡನೆ ಮಾತನಾಡಬಹುದೇ, ಬಾರದೇ ಎಂಬ ಪ್ರಶ್ನೆಯು ಇಲ್ಲಿ ಏಳುವುದು ಸಹಜ. ಬೇಡಿದವರು ತಮಗಾಗಿ ಏನನ್ನೂ ಬೇಡಲಿಲ್ಲ, ಯಾರ ಸ್ತೋತ್ರವನ್ನೂ ಮಾಡಲಿಲ್ಲವೆಂಬುದನ್ನು ಮಾತ್ರ ಅವರ ಪಕ್ಷದಲ್ಲಿ ಹೇಳಬೇಕು.

ಅವರ ಸ್ವದೇಶವೂ ಉದಾರವಾಗಿರಲಿಲ್ಲ. 1924ರ ಶಾಸನವು ಒಂದೊಂದು ದೇಶದಿಂದ ಬರುವವರಿಗೆ ಮಿತಿಯನ್ನು ಹಾಕಿದ್ದಿತು; ಜರ್ಮನಿ, ಆಸ್ಟ್ರಿಯ ಎರಡಕ್ಕೂ ಸೇರಿ ವರ್ಷಕ್ಕೆ 27,370 ಮಂದಿ. ಈ ಮಿತಿಗೆ ಹೊರತಾಗಿ 20,000 ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ಮಸೂದೆಯು 1939ರಲ್ಲಿ ಬಂದಿತು. ಸೇವಾ ಸಮಿತಿಯ ಕಾರ್ಯದರ್ಶಿ ಕ್ಲಾರೆನ್ಸ್ ಪಿಕೆಟರು ಅದಕ್ಕಾಗಿ ಬಹಳ ಶ್ರಮಪಟ್ಟರು. ಮಸೂದೆಯು ಬಿದ್ದುಹೋಯಿತು. ಅಯೋವ ಪ್ರಾಂತದ ವೆಸ್ಟ್ ಬ್ರಾಂಚ್ ಎಂಬ ಹಳ್ಳಿಯಲ್ಲಿ ಮುಚ್ಚಿದ್ದ ತಮ್ಮ ಶಾಲೆಯೊಂದನ್ನು ಕ್ವೇಕರರು ಅದೇ ವರ್ಷ ನಿರಾಶ್ರಿತರ ವಸತಿಯನ್ನಾಗಿ ಮಾಡಿದರು. 1943ರವರೆಗೆ 185 ಮಂದಿ ಅಲ್ಲಿ ಕೆಲವು ತಿಂಗಳಿದ್ದು, ಭಾಷೆಯನ್ನು ಕಲಿತು, ಕೆಲಸ ಹುಡುಕಿಕೊಂಡು ಹೊರಟರು. ಲಕ್ಷಗಳ ಲೆಕ್ಕದ ಮುಂದೆ 185 ಎಂಬುದು ಬಹು ಸಣ್ಣ ಸಂಖ್ಯೆ. ಆ 185 ಮಂದಿಗೆ ಅದು ಸಣ್ಣದಾಗಿರಲಿಲ್ಲ.

1940ರಲ್ಲಿ ಫ್ರಾನ್ಸು ಬಿದ್ದ ಮೇಲೆ ಬ್ರಿಟನ್ನಿನ ಸರಕಾರವು ಹಿಟ್ಲರನಿಂದ ಓಡಿಬಂದವರನ್ನೇ ಶತ್ರುದೇಶದವರೆಂದು ಹಿಡಿದು ಶಿಬಿರಗಳಲ್ಲಿಟ್ಟಿತು. 1914ರ ಕೆಲಸವು ಸಮಿತಿಗೆ ಮರಳಿ ಬಂದಿತು. ದಕ್ಷಿಣ ಫ್ರಾನ್ಸಿನ ಗುರ್ಸ್, ರಿವ್‌ಸಾಲ್ತ್ ಮೊದಲಾದ ಶಿಬಿರಗಳಲ್ಲಿ ಅಮೆರಿಕದ ಕ್ವೇಕರರು ಮಕ್ಕಳಿಗೆ ಆಹಾರವನ್ನು ಕೊಟ್ಟು, ಕೆಲವರನ್ನು ಸಮುದ್ರದಾಚೆಗೆ ಕಳುಹಿಸಿದರು. 1942ರ ಬೇಸಗೆಯಲ್ಲಿ ಅದೇ ಶಿಬಿರಗಳಿಂದ ಜನರನ್ನು ಮೃತ್ಯುವಿನೆಡೆಗೆ ಒಯ್ಯುವ ರೈಲುಗಳು ಹೊರಟಾಗ ಅವರಿಂದ ತಡೆಯಲಾಗಲಿಲ್ಲ. ಯುದ್ಧವು ಮುಗಿದ 1945ರ ಆಗಸ್ಟಿನಲ್ಲಿ, ತೆರೆಸಿನ್‌ಷ್ಟಾಟ್ ಶಿಬಿರದಲ್ಲಿ ಬದುಕುಳಿದಿದ್ದ ಸುಮಾರು 300 ಮಕ್ಕಳನ್ನು ಸೈನ್ಯದ ವಿಮಾನಗಳಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಬಳಿಗೆ ಕರೆತಂದರು. ಬಾಂಬುಗಳನ್ನು ಹೊತ್ತ ವಿಮಾನಗಳು ಮಕ್ಕಳನ್ನು ಹೊರುವಂತೆ ಮಾಡಿದ ಪ್ರಯತ್ನದಲ್ಲಿ ಬರ್ಥಾ ಬ್ರೇಸಿಯವರ ಪಾಲೂ ಇದ್ದಿತು.

ಈ ಸಂಘದ ನಕ್ಷತ್ರವು ಭಾರತಕ್ಕೂ ಬಂದಿತು. 1942ರಲ್ಲಿ ಕ್ವೇಕರರ ಆಂಬುಲೆನ್ಸ್ ದಳವು ಬಂಗಾಳಕ್ಕೆ ಬಂದು, ಮಿಡ್ನಾಪುರದ ಚಂಡಮಾರುತದಲ್ಲಿಯೂ ಮುಂದಿನ ವರ್ಷದ ಕ್ಷಾಮದಲ್ಲಿಯೂ ಸೇವೆ ಮಾಡಿತು. ಗಾಂಧೀಜಿಯವರ ಸ್ನೇಹಿತರಾದ ಹೊರೇಸ್ ಅಲೆಗ್ಸಾಂಡರರು 1947ರ ಆಗಸ್ಟ್ 15ರಂದು ಕಲ್ಕತ್ತೆಯಲ್ಲಿ ಅವರ ಬಳಿಯಲ್ಲಿದ್ದರು. ದೇಶವಿಭಾಗದಿಂದ ಒಂದು ಕೋಟಿಗೂ ಮೀರಿದ ಜನರು ಮನೆಮಠಗಳನ್ನು ಬಿಟ್ಟು ಹೊರಟಾಗ, ಅಲೆಗ್ಸಾಂಡರರೂ ರಿಚರ್ಡ್ ಸೈಮಂಡ್ಸರೂ ಗಡಿಯ ಎರಡು ಕಡೆಗಳಲ್ಲಿಯೂ ಸಂಚರಿಸಿ, ಪಂಜಾಬಿನ ಶಿಬಿರಗಳ ಸ್ಥಿತಿಯನ್ನು ನೋಡಿ ಎರಡು ಸರಕಾರಗಳಿಗೂ ತಿಳಿಸಿದರು. ಎರಡು ಪಕ್ಷದವರೂ ನಂಬುವ ಮನುಷ್ಯರು ಆಗ ಬೆರಳೆಣಿಕೆಯಷ್ಟು. ಸೈಮಂಡ್ಸರು ವಿಷಮಶೀತಜ್ವರದಿಂದ ಮಲಗಿದಾಗ ಗಾಂಧೀಜಿಯವರು ಅವರನ್ನು ದೆಹಲಿಯಲ್ಲಿ ತಾವಿದ್ದ ಬಿರ್ಲಾ ಭವನಕ್ಕೆ ಕರೆಸಿಕೊಂಡು ಶುಶ್ರೂಷೆ ಮಾಡಿಸಿದರು.

ಅದೇ 1947ರ ಡಿಸೆಂಬರಿನಲ್ಲಿ ಓಸ್ಲೋ ನಗರದಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ಬ್ರಿಟನ್ನಿನ ಸ್ನೇಹಿತರ ಸೇವಾ ಮಂಡಲಿಗೂ ಅಮೆರಿಕದ ಸೇವಾ ಸಮಿತಿಗೂ ಜಂಟಿಯಾಗಿ ದೊರೆಯಿತು. ಮಾರ್ಗರೆಟ್ ಬ್ಯಾಕ್‌ಹೌಸ್, ಹೆನ್ರಿ ಕ್ಯಾಡ್ಬರಿ ಇಬ್ಬರೂ ಅದನ್ನು ಸ್ವೀಕರಿಸಿದರು. ಆ ಸಮಾರಂಭಕ್ಕೆ ವಿಧ್ಯುಕ್ತವಾದ ಕರಿಯ ಕೋಟು ಬೇಕು, ಕ್ಯಾಡ್ಬರಿಯವರಲ್ಲಿ ಅದಿರಲಿಲ್ಲ. ಬುಡಾಪೆಸ್ಟ್ ನಗರದ ವಾದ್ಯಗಾರರಿಗೆ ಕಳುಹಿಸಲು ಸಮಿತಿಯ ಉಗ್ರಾಣದಲ್ಲಿ ದಾನವಾಗಿ ಬಂದ ಹಳೆಯ ಕೋಟುಗಳು ಶೇಖರವಾಗಿದ್ದುವು. ಅವುಗಳಲ್ಲಿ ಒಂದನ್ನು ಎರವಲಾಗಿ ತೊಟ್ಟು ಅವರು ದೊರೆಯ ಸಭೆಗೆ ಹೋದರು.

ಪಾರಿತೋಷಕದ ಮರುವರ್ಷವೇ ಕಠಿನವಾದ ಪರೀಕ್ಷೆಯು ಬಂದಿತು. 1948ರ ಯುದ್ಧದಿಂದ ಪ್ಯಾಲೆಸ್ಟೈನಿನ ಅರಬರಲ್ಲಿ ಎರಡು ಲಕ್ಷಕ್ಕೂ ಮೀರಿದವರು ಗಾಜಾ ಎಂಬ ಕಿರಿದಾದ ಪಟ್ಟಿಯಲ್ಲಿ ಬಂದು ಸೇರಿದ್ದರು. ವಿಶ್ವಸಂಸ್ಥೆಯ ಕೋರಿಕೆಯಂತೆ ಅಮೆರಿಕದ ಸೇವಾ ಸಮಿತಿಯು ಆ ವರ್ಷದ ಕೊನೆಯಲ್ಲಿ ಅವರ ಪೋಷಣೆಯನ್ನು ವಹಿಸಿಕೊಂಡಿತು. ಹಿಂದೆ ಯೆಹೂದ್ಯ ನಿರಾಶ್ರಿತರಿಗೆ ತೆರೆದ ಕೈ ಈಗ ಅರಬ ನಿರಾಶ್ರಿತರಿಗೂ ತೆರೆಯಿತು. ಗುಡಾರ, ಹಿಟ್ಟು, ಔಷಧ, ಶಾಲೆ ಎಲ್ಲವನ್ನೂ ಏರ್ಪಡಿಸಿದರು. ಆದರೆ ತಿಂಗಳುಗಳು ಕಳೆದಂತೆ ಅವರಿಗೆ ಒಂದು ಸತ್ಯವು ಗೋಚರವಾಯಿತು. ರಾಜಕೀಯದಿಂದ ಹುಟ್ಟಿದ ದುಃಖಕ್ಕೆ ರಾಜಕೀಯವು ಪರಿಹಾರವನ್ನು ಕಾಣದಿದ್ದರೆ, ಅನ್ನದಾನವೇ ಅನ್ಯಾಯವನ್ನು ಸಹಿಸುವಂತೆ ಮಾಡುವ ಸಾಧನವಾಗುವುದು; ಉಣ್ಣುವವನ ಮಾನವೂ ಸವೆಯುವುದು. ಇದನ್ನು ವಿಶ್ವಸಂಸ್ಥೆಗೆ ತಿಳಿಸಿ, 1950ರ ವಸಂತದಲ್ಲಿ ಅವರು ಹೊಣೆಯನ್ನು ಹೊಸದಾಗಿ ಸ್ಥಾಪಿತವಾದ ವಿಶ್ವಸಂಸ್ಥೆಯ ಪರಿಹಾರ ಮಂಡಲಿಗೆ ಒಪ್ಪಿಸಿ ಹಿಂದಕ್ಕೆ ಸರಿದರು. ತಾತ್ಕಾಲಿಕವೆಂದು ಹುಟ್ಟಿದ ಆ ಮಂಡಲಿಯ ಕೆಲಸವು ಮುಕ್ಕಾಲು ಶತಮಾನ ಕಳೆದರೂ ಮುಗಿದಿಲ್ಲವೆಂಬುದೇ ಅವರ ಮಾತಿಗೆ ಸಾಕ್ಷಿ.

1951ರಲ್ಲಿ ನಿರಾಶ್ರಿತರ ಸ್ಥಾನಮಾನವನ್ನು ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯು ಆಯಿತು. ಪ್ರಾಣಭಯದಿಂದ ಬಂದವನನ್ನು ಆ ಭಯವಿರುವ ಸ್ಥಳಕ್ಕೆ ಹಿಂದಕ್ಕಟ್ಟಬಾರದೆಂಬ ನಿಯಮವು ಅದರಲ್ಲಿ ಸೇರಿತು. ಅಭಯವು ಹೀಗೆ ದಯೆಯ ವಿಷಯವಾಗಿದ್ದುದು ಕಾನೂನಿನ ವಿಷಯವಾಯಿತು. ಆದರೆ ಕಾನೂನು ಬಾಗಿಲನ್ನು ತೋರಿಸಬಲ್ಲುದು. ಬಾಗಿಲ ಒಳಗೆ ನಿಂತು ಬಂದವನ ಹೆಸರನ್ನು ಕೇಳಿ, ಕಡತವನ್ನು ತೆರೆದು, ಒಂದು ಮನೆಯನ್ನು ಹುಡುಕಿಕೊಡಲು ಮನುಷ್ಯರೇ ಬೇಕು. ಹಾಗೆಯೇ ಮನುಷ್ಯರ ದಯೆ ಎಷ್ಟೇ ದೊಡ್ಡದಾದರೂ ರಾಜ್ಯದ ಕರ್ತವ್ಯಕ್ಕೆ ಅದು ಬದಲಾಗಲಾರದು. ಸ್ನೇಹಿತರ ಸಂಘದ ಚರಿತ್ರೆಯು ಈ ಎರಡು ಪಾಠಗಳನ್ನೂ ಹೇಳುತ್ತದೆ. ಹಾರ್ವಿಚ್ ಬಂದರಿನಲ್ಲಿಳಿದ ಮಕ್ಕಳು ಮೊದಲನೆಯದಕ್ಕೆ ಸಾಕ್ಷಿ. ನಿಲ್ದಾಣದಲ್ಲಿ ಉಳಿದ ತಾಯಿತಂದೆಗಳು ಎರಡನೆಯದಕ್ಕೆ ಸಾಕ್ಷಿ.